ಪಕ್ಷಾಭಾಸವೂ ಬ್ರಿಟನ್ನಿನ ಭೃತ್ಯವಿವಾದಗಳೂ

ಬ್ರಿಟನ್ನಿನ ಉದ್ಯೋಗ ನ್ಯಾಯಮಂಡಲಿಗಳಿಗೆ ನೌಕರನ ದೂರನ್ನು ಪೂರ್ಣ ವಿಚಾರಣೆಗೆ ಮುನ್ನವೇ ತಳ್ಳಿಹಾಕುವ ಅಧಿಕಾರವುಂಟು. 2025ನೆಯ ಜನವರಿ 6ರಿಂದ ಜಾರಿಯಲ್ಲಿರುವ ನಿಯಮಾವಳಿಯ 38ನೆಯ ನಿಯಮವು ಇದಕ್ಕೆ ಹೇಳುವ ಕಾರಣಗಳಲ್ಲಿ ಮುಖ್ಯವಾದುದು, ದೂರು ಗೆಲ್ಲುವ ಯುಕ್ತವಾದ ಸಂಭವವೇ ಇಲ್ಲದಿರುವುದು. ಇದನ್ನು ಕೇಳಿದೊಡನೆ ಧರ್ಮಶಾಸ್ತ್ರಜ್ಞರಿಗೆ ಮಿತಾಕ್ಷರೆಯ ಪಕ್ಷಾಭಾಸವಿಚಾರವು ನೆನಪಾಗುವುದು ಸಹಜ. ಎರಡೂ ಒಂದೇ ಎಂದುಬಿಡುವುದು ಮಾತ್ರ ಆತುರದ ಮಾತು.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು, ವಿಚಾರಣೆಗೆ ಎತ್ತಿಕೊಳ್ಳಬಾರದ ಆರು ಬಗೆಯ ಪಕ್ಷಗಳನ್ನು, ಎಂದರೆ ದೂರುಗಳನ್ನು, ವಿವರಿಸುತ್ತಾನೆ: ಅಪ್ರಸಿದ್ಧ, ನಿರಾಬಾಧ, ನಿರರ್ಥ, ನಿಷ್ಪ್ರಯೋಜನ, ಅಸಾಧ್ಯ, ವಿರುದ್ಧ. ಅವನ ಉದಾಹರಣೆಗಳು ರಸವತ್ತಾಗಿವೆ. ತನ್ನ ಮೊಲದ ಕೊಂಬನ್ನು ಒಯ್ದವನು ಹಿಂದಿರುಗಿಸಲಿಲ್ಲವೆಂಬುದು ಅಪ್ರಸಿದ್ಧ. ತನ್ನ ಮನೆಯ ದೀಪದ ಬೆಳಕಿನಿಂದ ನೆರೆಯವನು ಕೆಲಸ ಮಾಡಿಕೊಳ್ಳುತ್ತಾನೆಂಬುದು ನಿರಾಬಾಧ. ಮೂಗನು ಶಪಿಸಿದನೆಂಬುದು ವಿರುದ್ಧ. ಇವುಗಳ ದೋಷವು ದೂರಿನ ಮಾತಿನಲ್ಲಿಯೇ ತೋರುತ್ತದೆ, ಸಾಕ್ಷಿಯನ್ನು ಕರೆಯಬೇಕಾದುದಿಲ್ಲ.

ಅಸಾಧ್ಯವು ಹಾಗಲ್ಲ. ದೇವದತ್ತನು ಹುಬ್ಬು ಕೊಂಕಿಸಿ ತನ್ನನ್ನು ಹಾಸ್ಯಮಾಡಿದನೆಂಬುದು ಇದಕ್ಕೆ ಉದಾಹರಣೆ. ಕ್ಷಣಮಾತ್ರದ ಕಾರ್ಯವಾದುದರಿಂದ ಸಾಕ್ಷಿ ದೊರೆಯದು, ಲಿಖಿತವಂತೂ ದೂರವೇ, ಅಲ್ಪವಾದುದರಿಂದ ದಿವ್ಯಕ್ಕೂ ಎಡೆಯಿಲ್ಲ ಎಂಬುದು ಆಚಾರ್ಯನ ಕಾರಣ. ಆದರೆ ಇಲ್ಲಿ ಕೊರತೆಯಿರುವುದು ಪಕ್ಷದಲ್ಲಲ್ಲ, ಪ್ರಮಾಣದಲ್ಲಿ. ಮೊಲದ ಕೊಂಬಿನ ಪಕ್ಕದಲ್ಲಿ ಅದನ್ನು ಕೂರಿಸಿದುದು ಅಂಥ ಸೂಕ್ಷ್ಮಮತಿಗೆ ಒಪ್ಪುವುದಿಲ್ಲ. ಕೆಲಸದೆಡೆಯಲ್ಲಿ ಜನಾಂಗ, ಲಿಂಗ ಮೊದಲಾದವುಗಳ ನಿಮಿತ್ತ ಆಗುವ ಅವಮಾನವು ಎಷ್ಟೋ ವೇಳೆ ಈ ಹುಬ್ಬಿನ ಕೊಂಕೇ ಅಲ್ಲವೆ? 2001ರಲ್ಲಿ ಒಂದು ಜನಾಂಗಭೇದದ ಮೊಕದ್ದಮೆಯಲ್ಲಿ ಲಾರ್ಡ್ ಸ್ಟೈನ್ ಅವರು, ಅತ್ಯಂತ ಸ್ಪಷ್ಟವಾದ ಸಂದರ್ಭದಲ್ಲಲ್ಲದೆ ಇಂಥ ದೂರುಗಳನ್ನು ಮೊದಲೇ ತಳ್ಳಬಾರದೆಂದು ಎಚ್ಚರಿಸಿದರು. ಮುಖ್ಯಸಂಗತಿಗಳಲ್ಲಿಯೇ ವಿವಾದವಿರುವಾಗ ತಳ್ಳುವುದು ಅಪವಾದವಾಗಿರಬೇಕೆಂದು 2007ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಈ ವಿಷಯದಲ್ಲಿ ನವೀನರದೇ ಮೇಲು.

ಸ್ವಾಮಿಭೃತ್ಯರ ವಿಷಯದಲ್ಲಿ ಮಿತಾಕ್ಷರೆಯು ಬೇರೊಂದೆಡೆ ಹೇಳಿರುವುದು ಇದಕ್ಕಿಂತ ಗಟ್ಟಿಯಾದುದು. ಗುರುಶಿಷ್ಯರು, ತಂದೆಮಕ್ಕಳು, ದಂಪತಿಗಳು, ಒಡೆಯನೂ ಆಳೂ, ಇವರೊಳಗಿನ ವ್ಯವಹಾರವು ಸಿದ್ಧಿಸದೆಂದು ಒಂದು ಸ್ಮೃತಿವಾಕ್ಯವುಂಟು. ಅಕ್ಷರಾರ್ಥವನ್ನೇ ಹಿಡಿದರೆ ಆಳಿನ ದೂರಿಗೆ ಬಾಗಿಲು ಮುಚ್ಚಿದಂತೆಯೇ. ವಿಜ್ಞಾನೇಶ್ವರನು ಹಾಗೆ ಹಿಡಿಯುವುದಿಲ್ಲ. ರಾಜನೂ ಸಭ್ಯರೂ ಮೊದಲು ಅಂಥವರನ್ನು ನಿವಾರಿಸತಕ್ಕದ್ದು. ಅವರು ಬಿಡದೆ ನಿರ್ಬಂಧಿಸಿದರೆ ವ್ಯವಹಾರವನ್ನು ನಡೆಸಲೇತಕ್ಕದ್ದು. ಬ್ರಿಟನ್ನಿನ 40ನೆಯ ನಿಯಮವು ಇದಕ್ಕೆ ಸಮೀಪವಾದುದು: ಗೆಲುವಿನ ಸಂಭವವು ಅಲ್ಪವೆಂದು ಕಂಡ ಆರೋಪವನ್ನು ಮುಂದುವರಿಸಲು, ಕೊಡುವವನ ಶಕ್ತಿಯನ್ನು ವಿಚಾರಿಸಿ, 1000 ಪೌಂಡಿನವರೆಗೆ ಠೇವಣಿ ಕೇಳಬಹುದು. ಇದು ನಿವಾರಣೆ, ನಿರಾಕರಣೆಯಲ್ಲ.

ಇನ್ನು ಶೋಧನ. ವಕೀಲನಿಲ್ಲದ ನೌಕರನು ತೊಡಕಾಗಿ ಬರೆದ ದೂರು ಏನೆಂದು ಮೊದಲು ತಿಳಿಯದೆ ಅದಕ್ಕೆ ಗೆಲುವಿಲ್ಲವೆನ್ನಲಾಗದೆಂದು 2021ರಲ್ಲಿ ಉದ್ಯೋಗ ಮೇಲ್ಮನವಿ ಮಂಡಲಿಯು ತೀರ್ಮಾನಿಸಿತು. ಮಿತಾಕ್ಷರೆಯು ಇನ್ನೂ ಕಠಿನ. ಪೂರ್ವಪಕ್ಷವನ್ನು ಶೋಧಿಸದೆಯೇ ಎದುರಾಳಿಯಿಂದ ಉತ್ತರ ಕೊಡಿಸಿದ ಸಭ್ಯರಿಗೆ ದಂಡ ವಿಧಿಸಿ, ವ್ಯವಹಾರವನ್ನು ಮೊದಲಿನಿಂದ ನಡೆಸಬೇಕೆನ್ನುತ್ತದೆ. ಆ ದಂಡಕ್ಕೆ ಸಮನಾದುದು ಬ್ರಿಟನ್ನಿನ ನಿಯಮಾವಳಿಯಲ್ಲಿಲ್ಲ.