ದೆವ್ವಕ್ಕೂ ಒಂದು ಇಸವಿ ಬೇಕು

ಮೌಸ್ ಒತ್ತಿ ಬಾಗಿಲು ತೆರೆಯುವುದು, ಸಿಕ್ಕಿದ್ದನ್ನು ಎತ್ತಿಟ್ಟುಕೊಳ್ಳುವುದು, ಅದರಿಂದ ಮುಂದಿನ ಒಗಟು ಬಿಡಿಸುವುದು. ಇಂಥ ‘ಪಾಯಿಂಟ್ ಅಂಡ್ ಕ್ಲಿಕ್’ ಆಟಗಳ ಕಾಲ ತೊಂಬತ್ತರ ದಶಕಕ್ಕೇ ಮುಗಿಯಿತೆಂದು ಹಲವರು ನಂಬಿದ್ದರು. ಅವಕ್ಕೆ ಮತ್ತೆ ಜೀವ ತುಂಬಿದವರಲ್ಲಿ ಪುಟ್ಟ ತಂಡಗಳದ್ದೇ ದೊಡ್ಡ ಪಾಲು. ಅವುಗಳಲ್ಲಿ ಕೆಲವು ಹಿಡಿದ ದಾರಿ ಒಂದೇ: ಒಂದೇ ರಾತ್ರಿಯಲ್ಲಿ ಆಡಿ ಮುಗಿಸಬಹುದಾದ, ಹಳೆಯ ಕಾಲದಲ್ಲಿ ನಡೆಯುವ ಭಯದ ಕಥೆ. ಈ ಪರಂಪರೆಯನ್ನು ನಾನು ತುಂಬ ಪ್ರೀತಿಸುತ್ತೇನೆ. ಆದರೆ ಇಲ್ಲಿ ಇತಿಹಾಸ ಎಷ್ಟೋ ಸಲ ಬರೀ ವೇಷಭೂಷಣವಾಗಿ ಉಳಿದುಬಿಡುತ್ತದೆ.

ಸ್ಪೇನಿನ ಸೆವಿಲ್‌ ನಗರದ ದಿ ಗೇಮ್ ಕಿಚನ್ ತಂಡ 2013ರಿಂದ ಕಂತುಗಳಲ್ಲಿ ಹೊರತಂದ ‘ದಿ ಲಾಸ್ಟ್ ಡೋರ್’ ನೋಡಿ. ಕಥೆ ನಡೆಯುವುದು 1891ರ ಬ್ರಿಟನ್ನಿನಲ್ಲಿ. ಹಳೆಯ ಗೆಳೆಯನ ಪತ್ರ ಬಂದು ನಾಯಕ ಪಾಳು ಬಂಗಲೆಗೆ ಹೋಗುತ್ತಾನೆ. ಮುಖಗಳೂ ಸರಿಯಾಗಿ ಕಾಣದಷ್ಟು ಒರಟು ಚೌಕಗಳ ಚಿತ್ರದಲ್ಲಿ, ಸಂಗೀತದ ಬಲದಿಂದಲೇ ಅದು ಮೈ ನಡುಗಿಸುತ್ತದೆ. ಆದರೂ 1891ರ ಬದಲು 1871 ಎಂದಿದ್ದರೆ ಏನೂ ಕೆಡುತ್ತಿರಲಿಲ್ಲ. 2013ರಲ್ಲೇ ಸ್ವೀಡನ್ನಿನ ಸಿಮೊಗೊ ತಂಡ ತಂದ ‘ಇಯರ್ ವಾಕ್’ ಒಂದು ಹೆಜ್ಜೆ ಮುಂದೆ ಹೋಯಿತು. ವರ್ಷದ ಕೊನೆಯ ರಾತ್ರಿ ಉಪವಾಸವಿದ್ದು, ಒಬ್ಬನೇ ನಡೆದು, ಬರುವ ವರ್ಷದ ಸಾವುಗಳನ್ನು ಕಾಣುವ ಹಳ್ಳಿಯ ಆಚರಣೆಯೇ ಅದರ ಹಂದರ. ಅಲ್ಲಿನ ಭಯ ಆ ಮಣ್ಣಿನದ್ದು.

ಇತಿಹಾಸವೇ ದೆವ್ವವಾಗಿ ಬಂದದ್ದು ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ 2017ರ ಜನವರಿಯಲ್ಲಿ ಬಿಡುಗಡೆ ಮಾಡಿದ ‘ಡಿಟೆನ್ಷನ್’ನಲ್ಲಿ. ತೈವಾನಿನಲ್ಲಿ 1949ರಿಂದ 1987ರವರೆಗೆ ಸೇನಾ ಕಾನೂನು ಜಾರಿಯಲ್ಲಿತ್ತು. ನಿಷೇಧಿತ ಪುಸ್ತಕ ಓದಿದವರು ಜೈಲು ಸೇರಬಹುದಾಗಿದ್ದ, ಪಕ್ಕದವರ ಮೇಲೆ ದೂರು ಕೊಡುವುದೇ ದೇಶಭಕ್ತಿ ಎನಿಸಿಕೊಂಡಿದ್ದ ಕಾಲ. ಆಟದ ಕಥೆ 1960ರ ದಶಕದ ಒಂದು ಗುಡ್ಡಗಾಡಿನ ಶಾಲೆಯದು. ಬಿರುಗಾಳಿಯ ದಿನ ತರಗತಿಯಲ್ಲಿ ನಿದ್ದೆ ಹೋದ ವೇ ಎಂಬ ಹುಡುಗ ಎದ್ದಾಗ ಶಾಲೆ ಖಾಲಿ. ಸಭಾಂಗಣದ ವೇದಿಕೆಯ ಮೇಲೆ ಕುರ್ಚಿಯಲ್ಲಿ ರೇ ಎಂಬ ಹುಡುಗಿ ಮಲಗಿದ್ದಾಳೆ. ಸ್ವಲ್ಪ ಹೊತ್ತಿನಲ್ಲೇ ಅದೇ ವೇದಿಕೆಯಲ್ಲಿ ವೇ ತಲೆಕೆಳಗಾಗಿ ನೇತಾಡುತ್ತಿರುತ್ತಾನೆ. ಅಲ್ಲಿಂದ ಮುಂದೆ ನಾವು ರೇ.

ಪ್ರೇತ ಎದುರಾದರೆ ಇಲ್ಲಿ ಹೊಡೆದಾಟವಿಲ್ಲ. ಉಸಿರು ಬಿಗಿಹಿಡಿದು ಪಕ್ಕದಿಂದ ಹಾದುಹೋಗಬೇಕು. ಸತ್ತವರಿಗೆ ಇಡುವ ಅನ್ನದ ಬಟ್ಟಲನ್ನಿಟ್ಟು ಅದರ ಗಮನ ತಪ್ಪಿಸಲೂಬಹುದು. ಕಂಡರೂ ಕಾಣದಂತೆ, ಉಸಿರೆತ್ತದೆ ಬದುಕುವುದು ಅಂದಿನ ತೈವಾನಿನಲ್ಲಿ ದಿನನಿತ್ಯದ ಪಾಠವಾಗಿತ್ತು. ಆ ಪಾಠವನ್ನು ಆಟ ನಮ್ಮ ಬೆರಳಿಗೇ ಕಲಿಸುತ್ತದೆ. ಸಿನಿಮಾ ತೋರಿಸಬಲ್ಲದು, ಕಾದಂಬರಿ ಹೇಳಬಲ್ಲದು. ಹೀಗೆ ಮಾಡಿಸುವುದು ಆಟಕ್ಕಷ್ಟೇ ಸಾಧ್ಯ.

ಕೊನೆಗೆ ಗೊತ್ತಾಗುತ್ತದೆ: ಗುಟ್ಟಾಗಿ ನಡೆಯುತ್ತಿದ್ದ ಓದುಗರ ಗುಂಪಿನ ಪುಸ್ತಕಪಟ್ಟಿಯನ್ನು ಅಧಿಕಾರಿಯ ಕೈಗೆ ಒಪ್ಪಿಸಿದವಳು ರೇ. ತನ್ನ ಪ್ರೀತಿಯ ಮೇಷ್ಟ್ರು ಚಾಂಗ್ ದೂರವಾಗಲು ಅದೇ ಗುಂಪಿನ ಯಿನ್ ಟೀಚರೇ ಕಾರಣವೆಂದು ಭಾವಿಸಿ, ಅವರನ್ನು ದಾರಿಯಿಂದ ಸರಿಸಲು ಹಾಗೆ ಮಾಡಿದಳು. ಯಿನ್ ತಪ್ಪಿಸಿಕೊಂಡರು, ಚಾಂಗ್ ಜೀವ ಹೋಯಿತು, ವೇ ಜೈಲು ಸೇರಿದ. ಹಾಗೆಂದು ಆಟ ಅವಳನ್ನು ರಾಕ್ಷಸಿ ಮಾಡುವುದಿಲ್ಲ. ಅಮ್ಮ ಅಪ್ಪನ ಮೇಲೆ ದೂರು ಕೊಟ್ಟು ಜೈಲಿಗೆ ಕಳಿಸಿದ್ದನ್ನು ಅವಳು ಮನೆಯಲ್ಲೇ ಕಂಡಿದ್ದಳು. ಆಳುವವರ ಆಯುಧ ಅಡುಗೆಮನೆಗೆ ಬಂದು, ಹದಿಹರೆಯದ ಹೊಟ್ಟೆಕಿಚ್ಚಿಗೂ ಒದಗಿದ್ದೇ ಇಲ್ಲಿಯ ನಿಜವಾದ ಭಯ.

ದ್ವಿತೀಯಾರ್ಧದಲ್ಲಿ ಪ್ರೇತಗಳೇ ಇಲ್ಲದಂತಾಗಿ ಆಟ ಸಪ್ಪೆಯಾಗುತ್ತದೆ ಎಂಬ ದೂರಿದೆ. ನಾನು ಒಪ್ಪುವುದಿಲ್ಲ. ತನ್ನಿಂದ ತಾನೇ ಓಡುತ್ತಿದ್ದವಳು ನಿಂತ ಮೇಲೆ ಹೊರಗಿನ ಪ್ರೇತಕ್ಕೇನು ಕೆಲಸ? ಸಂಕೇತಗಳು ಅಲ್ಲಿ ಅತಿಯಾದವೆಂಬುದು ಮಾತ್ರ ನಿಜ. ಒಗಟುಗಳೂ ತೀರಾ ಸಲೀಸು.

ಈ ಆಟ 2019ರಲ್ಲಿ ಜಾನ್ ಶು ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಅದೇ ವರ್ಷ ತಂಡದ ಮುಂದಿನ ಆಟ ‘ಡಿವೋಷನ್’ ಚೀನಾದ ಅಧ್ಯಕ್ಷರನ್ನು ಅಣಕಿಸುವ ಒಂದು ಚೀಟಿಯ ಚಿತ್ರದಿಂದಾಗಿ ಗದ್ದಲಕ್ಕೆ ಸಿಕ್ಕಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಸ್ಟೀಮ್ ಮಾರಾಟತಾಣದಿಂದ ಹೊರಬಿತ್ತು. ಪುಸ್ತಕಪಟ್ಟಿಯ ಕಥೆ ಹೇಳಿದವರಿಗೇ ಹೀಗಾಯಿತು.

ಈ ಪರಂಪರೆಯಲ್ಲಿ ಒಂದೇ ಆಟ ಆಡಲು ಬಿಡುವಿದ್ದರೆ ‘ಡಿಟೆನ್ಷನ್’ ಆಡಿ. ಮೂರು-ನಾಲ್ಕು ಗಂಟೆ ಸಾಕು. ಕೊನೆಯಲ್ಲಿ ರೇಗೆ ಅವಳದೇ ನೆರಳು ಕೇಳುವ ಪ್ರಶ್ನೆಗಳಿವೆ. ಅವಳಿಗೆ ಬಿಡುಗಡೆಯೋ, ಮತ್ತೆ ಅದೇ ಸುತ್ತೋ ಎಂಬುದು ಆ ಉತ್ತರಗಳ ಮೇಲೆ ನಿಂತಿದೆ. ದಯವಿಟ್ಟು ಅವನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ, ನಿಮಗೆ ತೋಚಿದ್ದನ್ನೇ ಹೇಳಿ.