ಮಕ್ಕಳ ಸಂತೆಯೇ ಪರೀಕ್ಷೆಯಾಗಲಿ

ಸರ್ಕಾರಿ ಶಾಲೆಯ ಅಂಗಳದಲ್ಲಿ ಮೆಟ್ರಿಕ್ ಮೇಳವೆಂಬ ಮಕ್ಕಳ ಸಂತೆ ನಡೆದ ದಿನ ತಟ್ಟಿನ ಮೇಲೆ ಮೆಂತೆಪಲ್ಲೆ, ಬದನೆಕಾಯಿ, ಹುರಿದ ಶೇಂಗಾ ಹರಡಿರುತ್ತವೆ. ಕಿಲೋಕ್ಕೆ 40 ರೂಪಾಯಿಯ ಬದನೆಕಾಯಿ ಮುಕ್ಕಾಲು ಕಿಲೋ ಬೇಕೆಂದರೆ, ಐದನೆಯ ತರಗತಿಯ ಹುಡುಗಿ ಅರ್ಧ ಕಿಲೋಕ್ಕೆ 20, ಪಾವು ಕಿಲೋಕ್ಕೆ 10 ಎಂದು ಬಾಯಲ್ಲೇ ಕೂಡಿಸಿ, ನೂರರ ನೋಟು ಇಸಿದುಕೊಂಡು 70 ಎಣಿಸಿ ಕೊಡುತ್ತಾಳೆ. ಭಿನ್ನರಾಶಿ, ಕೂಡುವುದು, ಕಳೆಯುವುದು ಮೂರೂ ಒಂದೇ ವ್ಯವಹಾರದಲ್ಲಿ ಬಂದವು. ಇಷ್ಟಾದರೂ ಸಾಮಾನ್ಯವಾಗಿ ಅದನ್ನು ಹಬ್ಬವೆಂದು ಬಗೆದು, ಅಂಕಕ್ಕಾಗಿ ಮತ್ತೆ ಪ್ರಶ್ನೆಪತ್ರಿಕೆ ಹಂಚುತ್ತೇವೆ. ಈ ಸಂತೆಯೇ ಪರೀಕ್ಷೆಯಾಗಬೇಕು ಎಂಬುದು ನನ್ನ ವಾದ. ಇದಕ್ಕೆ ಹೊಸ ಆದೇಶವೇನೂ ಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ಆಟದ ಒಳಗೇ ಮೌಲ್ಯಮಾಪನವನ್ನು ಇಟ್ಟಿತು. ಮಗು ಹೆದರದಂತೆ ನಿರಂತರ ಮೌಲ್ಯಮಾಪನ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಹೇಳುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಂಥ ಗಡಿ ತಾಲ್ಲೂಕುಗಳಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎಂಬ ಮಗು ಹೇಳಿಕೆ ಲೆಕ್ಕದಲ್ಲಿ ಸೋತರೆ, ಸೋತದ್ದು ಗಣಿತದಲ್ಲೋ ವಾಕ್ಯದಲ್ಲೋ ತಿಳಿಯುವುದಿಲ್ಲ. ತಕ್ಕಡಿಯ ಮುಂದೆ ಅದು ಸ್ಪಷ್ಟವಾಗುತ್ತದೆ.

ಸಂತೆಯ ಜಾಣತನ ಪಾಟಿಗೆ ಇಳಿಯುತ್ತದೆಯೇ ಎಂಬುದು ಗಟ್ಟಿ ಆಕ್ಷೇಪ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿ ವ್ಯಾಪಾರಿ ಮಕ್ಕಳು ವ್ಯಾಪಾರದ ಲೆಕ್ಕಗಳಲ್ಲಿ ಶೇ. 98ರಷ್ಟನ್ನು ಸರಿ ಮಾಡಿದರು, ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಶೇ. 37ರಷ್ಟನ್ನು ಮಾತ್ರ ಎಂದು 1985ರ ಅಧ್ಯಯನವೊಂದು ತೋರಿಸಿತು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು. ಅದರ ಮಗ್ಗುಲಲ್ಲೇ ಇನ್ನೊಂದು ಮಾತೂ ಇದೆ: ವ್ಯಾಪಾರ ಮಾಡದ ಶಾಲಾ ಮಕ್ಕಳು ಪುಸ್ತಕದ ಲೆಕ್ಕ ಬಿಡಿಸಿ, ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಅಂದಮೇಲೆ ಬರೀ ಲಿಖಿತ ಪರೀಕ್ಷೆ ಅರ್ಧ ಕಲಿಕೆಯನ್ನಷ್ಟೇ ಅಳೆಯುತ್ತದೆ. ಸಂತೆ ಮುಗಿದ ಮರುದಿನ ಮಗು ತಾನು ಮಾಡಿದ ಎರಡು ವ್ಯಾಪಾರವನ್ನು ಚೀಟಿಯಲ್ಲಿ ಬರೆದು, ಮುಕ್ಕಾಲು ಇಂಟು ನಲವತ್ತು ಎಂದು ಬಿಡಿಸಿ ತೋರಿಸಲಿ. ಎರಡಕ್ಕೂ ಅಂಕವಿರಲಿ. ಸಂತೆಯಲ್ಲಿ ಗೆದ್ದು ಚೀಟಿಯಲ್ಲಿ ತಡವರಿಸಿದವರಿಗೆ ಮುಂದಿನ ವಾರ ಏನು ಕಲಿಸಬೇಕೆಂಬುದು ಗುರುಗಳಿಗೆ ಅಲ್ಲೇ ಸಿಗುತ್ತದೆ.

ಶಿಕ್ಷಕರ ಮೇಲೆ ಹೊರೆ ಬೀಳುತ್ತದೆ ಎನ್ನುವವರ ಮಾತನ್ನು ತಳ್ಳಿಹಾಕಲಾರೆ. ನಿರಂತರ ಮೌಲ್ಯಮಾಪನವನ್ನು ದಣಿಸಿದ್ದು ಅದರ ಕಾಗದಪತ್ರಗಳೇ. ಹಾಗಾಗಿ ತೂಕ, ಬೆಲೆ, ಚಿಲ್ಲರೆ ಎಂದು ಮೂರೇ ಕಾಲಂ ಸಾಕು. ಗಿರಾಕಿಗಳಾಗಿ ಬಂದು ಗುರುತು ಹಾಕುವ ಕೆಲಸವನ್ನು ಏಳನೆಯ ತರಗತಿಯವರೂ ಮಾಡಬಲ್ಲರು. ಅಂಕ ಧಾರಾಳವಾದೀತು ಎಂಬ ಅನುಮಾನಕ್ಕೆ ಒಂದೇ ಕ್ಲಸ್ಟರಿನ ಎರಡು ಶಾಲೆಗಳು ಆ ದಿನ ಶಿಕ್ಷಕರನ್ನು ಅದಲುಬದಲು ಮಾಡಿಕೊಳ್ಳಬಹುದು. ಚೀಟಿ ಮಗುವಿನ ಕೃತಿಸಂಪುಟಕ್ಕೆ ಸೇರಲಿ. ವಾರದ ಸಂತೆಯಲ್ಲಿ ಪಲ್ಲೆ ಮಾರುವ ತಾಯಿ ಪಾಲಕರ ಸಭೆಗೆ ಬಂದಾಗ, ಮಗಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳದೆಯೇ ಅದರಿಂದ ತಿಳಿದುಕೊಳ್ಳಬಲ್ಲಳು.