ಗಾಬರಿಯ ಬೇರು ಬರೀ ಮನೆಯೊಳಗೇ?

ಉತ್ತರ ಕನ್ನಡದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿ ನದಿಗೂ ಬಿದ್ದ ಮೇಲೆ, ಅಂಕೋಲಾದಿಂದ ಆ ದಾರಿಯಲ್ಲಿ ಹೋಗುವವರು ಬಸ್ಸಿನ ಕಿಟಕಿಯ ಸರಳನ್ನು ಬಿಗಿಹಿಡಿದು ಕೂತರೆ ಅದಕ್ಕೆ ಯಾರೂ ಕಾಯಿಲೆ ಎನ್ನಬೇಕಿಲ್ಲ. ಪ್ಯಾನಿಕ್ ಡಿಸಾರ್ಡರ್ ಎಂಬ ಗಾಬರಿಯ ಕಾಯಿಲೆ ಬೇರೆಯದೇ. ಈಳಿಗೆಮಣೆಯ ಮುಂದೆ ಕೂತು ಬಂಗಡೆ ಕೊಯ್ಯುವಾಗ ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆ, ಕೈ ಜೋಮು ಹಿಡಿಯುತ್ತದೆ, ಈಗಲೇ ಜೀವ ಹೋಯಿತು ಅನ್ನಿಸುತ್ತದೆ. ಇಸಿಜಿ ನೋಡಿದರೆ ಸರಿಯಾಗಿಯೇ ಇರುತ್ತದೆ. ಮತ್ತೊಮ್ಮೆ ಬಂದೀತು ಎಂಬ ಅಂಜಿಕೆಗೆ ಸಂತೆಗೆ ಹೋಗುವುದೂ ನಿಲ್ಲುತ್ತದೆ. ಈ ‘ಸುಮ್ಮಸುಮ್ಮನೆ’ಯನ್ನು ಒಪ್ಪದಿರುವುದೇ ಮನೋವಿಶ್ಲೇಷಣೆಯ ಹೆಚ್ಚುಗಾರಿಕೆ. ಹೊರದಾರಿ ಕಾಣದ ಕಾಮಶಕ್ತಿಯೇ ಆತಂಕವಾಗುತ್ತದೆ ಎಂದು 1895ರಲ್ಲಿ ಹೇಳಿದ್ದ ಫ್ರಾಯ್ಡ್, 1926ರಲ್ಲಿ ತನ್ನ ಮಾತನ್ನು ತಾನೇ ತಿರುವಿಹಾಕಿದ: ತಾಯಿಯಂಥ ಆಸರೆ ತಪ್ಪೀತು ಎಂದು ಮನಸ್ಸು ತನಗೆ ತಾನೇ ಕೊಟ್ಟುಕೊಳ್ಳುವ ಎಚ್ಚರಿಕೆ ಅದು. ಮೊದಲನೆಯದನ್ನು ಅಟ್ಟಕ್ಕೆ ಹಾಕಬಹುದು. ಎರಡನೆಯದರಲ್ಲಿ ಇನ್ನೂ ಜೀವವಿದೆ. ಅಮೆರಿಕದ ಮನೋವಿಶ್ಲೇಷಕರಾದ ಬಾರ್ಬರಾ ಮಿಲ್ರಾಡ್ ಮತ್ತು ಫ್ರೆಡ್ರಿಕ್ ಬುಷ್ ಅದಕ್ಕೆ ನುಂಗಿಕೊಂಡ ಸಿಟ್ಟನ್ನೂ ಸೇರಿಸಿದರು. ಆಸರೆಯಾದವರ ಮೇಲೇ ಸಿಟ್ಟು. ತೋರಿಸಿದರೆ ಅವರು ಕೈಬಿಟ್ಟಾರು.

ಈ ವಿವರಣೆಗೆ ದೊಡ್ಡ ಆಕ್ಷೇಪ ಮಾತ್ರೆಯದು. ಖಿನ್ನತೆಯ ಔಷಧಿ ಇಮಿಪ್ರಮಿನ್ ಕೊಟ್ಟರೆ ಈ ದಾಳಿಗಳು ನಿಲ್ಲುತ್ತವೆ ಎಂದು ಮನೋವೈದ್ಯ ಡೊನಾಲ್ಡ್ ಕ್ಲೈನ್ 1960ರ ದಶಕದಲ್ಲೇ ತೋರಿಸಿದ. ಮಿದುಳು ಉಸಿರು ಕಟ್ಟಿತೆಂದು ಸುಳ್ಳೇ ಗಂಟೆ ಬಾರಿಸುತ್ತದೆ ಎಂದು 1993ರಲ್ಲಿ ವಾದಿಸಿದ. ಹಾಗಿದ್ದರೆ ಅರ್ಥ ಹುಡುಕುವ ಗೋಜೇಕೆ? ಏಕೆಂದರೆ ಗಂಟೆ ನಿಲ್ಲಿಸುವ ಗುಳಿಗೆ, ಅದು ಇಷ್ಟು ವರ್ಷ ಸುಮ್ಮನಿದ್ದು ಇವತ್ತೇ ಏಕೆ ಬಾರಿಸಿತು ಎಂದು ಹೇಳಲಾರದು. ಆದರೆ ಗುಣವಾದ ಮಾತ್ರಕ್ಕೆ ಕಾರಣ ತಿಳಿಯದು ಎಂಬ ಇದೇ ಅಳತೆಗೋಲು ಮನೋವಿಶ್ಲೇಷಣೆಗೂ ತಗಲುತ್ತದೆ, ಅದರ ಅಭಿಮಾನಿಗಳು ಇದನ್ನು ಜಾಣತನದಿಂದ ಮರೆಯುತ್ತಾರೆ. ಮಿಲ್ರಾಡ್ ತಂಡದ 2007ರ ಪ್ರಯೋಗದಲ್ಲಿ 49 ಜನರಿದ್ದರು. ಮನೋವಿಶ್ಲೇಷಣೆಯ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ. 73ರಷ್ಟು ಮಂದಿ ಸುಧಾರಿಸಿದರೆ, ಮೈ ಸಡಿಲಿಸುವ ತರಬೇತಿ ಪಡೆದವರಲ್ಲಿ ಶೇ. 39 ಮಾತ್ರ. ಚಿಕಿತ್ಸೆ ಫಲಿಸಿತು, ನಿಜ. ಅಷ್ಟಕ್ಕೇ ಅವರು ಹೇಳುವ ಕಾರಣ ಸಾಬೀತಾಗಲಿಲ್ಲ.

ಸಿದ್ಧಾಂತ ನಿಜಕ್ಕೂ ಎಡವುವುದು ಕಾರವಾರದಲ್ಲಿ. ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಕಡಲ ದಂಡೆ ಬಿಟ್ಟು ಎದ್ದವು. ಅವರಲ್ಲಿ ಯಾರಿಗಾದರೂ ಈ ಗಾಬರಿ ಬಂದರೆ, ಇಲ್ಲಿ ತಪ್ಪಿದ ಆಸರೆ ತಾಯಿಯಲ್ಲ, ದಂಡೆ. ಸಿಟ್ಟನ್ನೂ ಯಾರೂ ನುಂಗಲಿಲ್ಲ; ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟಿಗೆ ಅಲೆದವರ ಸಿಟ್ಟು ಕಡತಗಳಲ್ಲೇ ಇದೆ. ಎಲ್ಲ ಅಗಲಿಕೆಯೂ ತೊಟ್ಟಿಲಿನ ಅಗಲಿಕೆಯ ಮರುಕಳಿಕೆ ಎಂದು ವಿಶ್ಲೇಷಕರು ಉತ್ತರಿಸಬಹುದು. ಹೀಗೆ ಎಲ್ಲಕ್ಕೂ ಹೊಂದುವ ಉತ್ತರ ಯಾವುದನ್ನೂ ವಿವರಿಸುವುದಿಲ್ಲ, ದಂಡೆ ಬಿಟ್ಟ ಎಲ್ಲರಿಗೂ ಈ ಕಾಯಿಲೆ ಬರಲಿಲ್ಲವೇಕೆ ಎಂಬುದನ್ನಂತೂ ವಿವರಿಸುವುದೇ ಇಲ್ಲ. ಅಗಲಿಕೆಯ ಪ್ರಶ್ನೆ ಉಳಿಯಲಿ. ಚಿಕ್ಕಂದಿನಲ್ಲಿ ಯಾರನ್ನು ಅಗಲಿದ್ದಿರಿ ಎಂದು ಕೇಳುವವರು, ದೋಣಿಯನ್ನು ಯಾವ ದಂಡೆಗೆ ಎಳೆದು ಹಾಕುತ್ತಿದ್ದಿರಿ ಎಂದೂ ಕೇಳಬೇಕು.